ದೊಡ್ಡಪ್ಪನ ನ್ಯಾಟು, ಕಡಲೆಕಾಯಿಯಷ್ಟು ರಿವೆಟ್ಟು

ಹೋದ ವರ್ಷ ದಸರಾ ರಜೆಯಲ್ಲಿ ದೊಡ್ಡಪ್ಪನ ಮನೆಯ ಅಟ್ಟ ಗುಡಿಸುವ ಕೆಲಸ ನಮ್ಮ ಪಾಲಿಗೆ ಬಂತು. ಅಟ್ಟ ಅಂದಮೇಲೆ ಗೊತ್ತಲ್ಲ... ಒಡೆದ ಕೊಳಗ, ಮುರಿದ ತೊಟ್ಟಿಲು, ಹುಣಸೆಹಣ್ಣಿನ ಖಾಲಿ ಗಡಿಗೆ, ಇಲಿ ಹಿಕ್ಕೆ. ಇವೆಲ್ಲದರ ಹಿಂದೆ ಒಂದು ತಗಡಿನ ಟ್ರಂಕು. ಟ್ರಂಕಿನೊಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಒಂದು ರಟ್ಟಿನ ಡಬ್ಬ. ಡಬ್ಬದ ಮೇಲೆ ಕೆಂಪು ಬಣ್ಣದ ಜೆಟ್ ವಿಮಾನದ ಚಿತ್ರ. ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು.

ದೊಡ್ಡಪ್ಪ ಕೆಳಗೆ ಮಂಚದ ಮೇಲೆ ಕೂತಿದ್ದರು. "ಏನ್ ಸಿಕ್ತೋ?" ಅಂದರು.

"ಯಾವುದೋ ವಿಮಾನದ ಡಬ್ಬ ದೊಡ್ಡಪ್ಪ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ನಮ್ದಲ್ಲ ಕಣಪ್ಪಾ. ಅದ್ರಲ್ಲಿ ಎರಡು ಸೀಟೈತೆ" ಅಂದರು.

ಇದಿಷ್ಟು ಮಾತಿಗೆ ಅರ್ಥ ಹುಡುಕುವುದಕ್ಕೆ ನಮಗೆ ಆರು ತಿಂಗಳು ಹಿಡಿಯಿತು. ಅದನ್ನೇ ಇವತ್ತು ಬರೆಯೋಣ ಅಂತ.

ನಮ್ಮ ಕಡೆ ಗೊತ್ತಿಲ್ಲದವರಿಗೆ ಎರಡು ಮಾತು. ರತ್ನಗಿರಿ ಇರುವುದು ಮಡಕಶಿರಾ ಸೀಮೆಯ ರೊಳ್ಳ ಮಂಡಲದಲ್ಲಿ. ಬೆಟ್ಟ, ಬೆಟ್ಟದ ಮೇಲೆ ಹಳೇ ಕೋಟೆ, ಕೆಳಗೆ ಕಡಲೆಕಾಯಿ ಹೊಲ, ನೀರಿದ್ದವರಿಗೆ ಅಡಿಕೆ ತೋಟ. ಆಂಧ್ರ ಸರ್ಕಾರ, ಮನೆಮಾತು ಕನ್ನಡ, ಪೇಟೆಗೆ ಶಿರಾ. ಜಿಲ್ಲೆ ಅನಂತಪುರ ಅಂತ ಬರೆದು ಬರೆದು ಕೈಗೆ ಅಭ್ಯಾಸವಾಗಿಬಿಟ್ಟಿದೆ. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಾವು ಗಡಿ ದಾಟಿ ಹೋಗಿ ಟಿಸಿಎಚ್ ಮಾಡಿ, ಆಮೇಲೆ ಬಿಎ ಕಟ್ಟಿ, ಇಲ್ಲಿಗೇ ಬಂದು ಕನ್ನಡ ಮಾಧ್ಯಮದ ಮೇಷ್ಟರಾದವರು. ("ನಾವು, ನಾವು" ಅಂತ ಏನ್ರೀ ಮಹಾರಾಜರ ಹಾಗೆ ಅಂತ ಗೆಳೆಯರು ರೇಗಿಸುತ್ತಾರೆ. ಏನು ಮಾಡೋದು, ಇಪ್ಪತ್ತು ವರ್ಷ ಮಕ್ಕಳ ಮುಂದೆ "ಈಗ ನಾವು ಓದೋಣ" ಅಂದವರ ಬಾಯಲ್ಲಿ ಬೇರೇನು ಬರುತ್ತದೆ?)

ದೊಡ್ಡಪ್ಪ 1966ರಲ್ಲಿ ಐಟಿಐ ಮುಗಿಸಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ಸೇರಿದವರು. ಆಗ ಅಲ್ಲಿ ನ್ಯಾಟ್ ವಿಮಾನ ಕಟ್ಟುತ್ತಿದ್ದರು. ಇಂಗ್ಲಿಷಿನಲ್ಲಿ ಮೊದಲು 'ಜಿ' ಬರೆದರೂ ಅದನ್ನು ಉಚ್ಚರಿಸುವುದಿಲ್ಲ, ನ್ಯಾಟ್ ಅಂತಲೇ ಅನ್ನಬೇಕು. ಅಂದರೆ ನೊರಜು, ಸಂಜೆ ಹೊತ್ತು ಕಣ್ಣಿಗೆ ಬೀಳುತ್ತದಲ್ಲ, ಅದು. ಇಂಗ್ಲೆಂಡಿನ ಫಾಲೆಂಡ್ ಕಂಪನಿಯಲ್ಲಿ ಪೆಟರ್ ಅನ್ನುವ ವಿನ್ಯಾಸಕಾರ ಮಾಡಿದ್ದು, ಮೊದಲು ಹಾರಿದ್ದು 1955ರ ಜುಲೈನಲ್ಲಿ. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದೊಡ್ಡದೂ ದುಬಾರಿಯೂ ಆಗುತ್ತಿದ್ದ ಕಾಲದಲ್ಲಿ, ಚಿಕ್ಕದಾಗಿ ಅಗ್ಗವಾಗಿ ಯಾಕೆ ಮಾಡಬಾರದು ಅಂತ ಹಟ ಹಿಡಿದು ಮಾಡಿದ್ದು. ಬ್ರಿಟನ್ನಿನ ವಾಯುಪಡೆ ಒಂದು ಸೀಟಿನ ಆ ಯುದ್ಧವಿಮಾನವನ್ನು ತೆಗೆದುಕೊಳ್ಳಲೇ ಇಲ್ಲ. ನಮ್ಮ ದೇಶ ತೆಗೆದುಕೊಂಡಿತು, ಲೈಸೆನ್ಸ್ ಪಡೆದು ಬೆಂಗಳೂರಿನಲ್ಲೇ ಕಟ್ಟಿತು. ಅದರ ಮುಂದಿನ ರೂಪವೇ ಅಜೀತ್, 1975ರಲ್ಲಿ ಮೊದಲು ಹಾರಿದ್ದು.

ಬ್ರಿಟನ್ನಿನವರು ನ್ಯಾಟಿನಲ್ಲಿ ಇಟ್ಟುಕೊಂಡಿದ್ದು ಎರಡು ಸೀಟಿನ ತರಬೇತಿ ವಿಮಾನ. ಅದು ಉದ್ದದಲ್ಲೂ ರೆಕ್ಕೆಯಲ್ಲೂ ದೊಡ್ಡದು. ಅವರ ವಾಯುಪಡೆಯ ರೆಡ್ ಆ್ಯರೋಸ್ ತಂಡ 1965ರಿಂದ 1979ರವರೆಗೆ ಕೆಂಪು ಬಣ್ಣ ಬಳಿದು ಆಕಾಶದಲ್ಲಿ ಕಸರತ್ತು ಮಾಡಿದ್ದೂ ಅದರಲ್ಲೇ. ಏರ್‌ಫಿಕ್ಸ್ ಕಂಪನಿ ಪ್ಲಾಸ್ಟಿಕ್ ಕಿಟ್ ಮಾಡಿದ್ದೂ ಅದನ್ನೇ. ದೊಡ್ಡಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು 1978ರಲ್ಲಿ ಇಂಗ್ಲೆಂಡಿಗೆ ಹೋಗಿಬಂದಾಗ, "ತಗೋಪ್ಪಾ ನಿನ್ನ ನ್ಯಾಟು" ಅಂತ ಈ ಡಬ್ಬ ತಂದುಕೊಟ್ಟರಂತೆ. ದೊಡ್ಡಪ್ಪ ಬಿಚ್ಚಿ ನೋಡಿದರೆ ಒಳಗೆ ಎರಡು ಸೀಟು. ಮುಚ್ಚಿಟ್ಟರು. ಮುಚ್ಚಿದ್ದು ಮುಚ್ಚಿದಂತೆಯೇ ಬೆಂಗಳೂರಿಂದ ರತ್ನಗಿರಿಗೆ ಬಂದು ಅಟ್ಟ ಸೇರಿತು.

"ಶಾಲೆಗೆ ತಗೊಂಡು ಹೋಗ್ಲಾ ದೊಡ್ಡಪ್ಪ? ಮಕ್ಕಳ ಕೈಲಿ ಕಟ್ಟಿಸ್ತೀವಿ" ಅಂದೆವು.

"ತಗೊಂಡೋಗು. ಆದ್ರೆ ಸುಳ್ಳು ಕಟ್ಟಬ್ಯಾಡ."

ಇನ್ನೊಂದು ವಿಷಯ ಹೇಳಬೇಕು. ದೊಡ್ಡಪ್ಪನಿಗೆ ಈಗ ಎಂಬತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಬಾಗಿಲು ಕಿಟಕಿ ಗೊತ್ತಾಗುವಷ್ಟು ಬೆಳಕಿದೆ. ಅದೂ ಎಷ್ಟು ದಿನವೋ ಅಂತ ಡಾಕ್ಟರು ಹೇಳಿಯಾಗಿತ್ತು. ಇತ್ತ ಶಾಲೆಯಲ್ಲಿ ನಮ್ಮ ಐದನೇ ಕ್ಲಾಸಿನ ಕನ್ನಡ ವಿಭಾಗದಲ್ಲಿ ಇದ್ದದ್ದೇ ಆರು ಮಕ್ಕಳು. ಏಪ್ರಿಲ್ ಕಳೆದರೆ ಆರೂ ಬೇರೆ ಶಾಲೆಗೆ. ಒಬ್ಬ ಇಂಗ್ಲಿಷ್ ಮೀಡಿಯಂಗೆ, ಒಬ್ಬ ಶಿರಾದಲ್ಲಿರುವ ಅಜ್ಜಿ ಮನೆಗೆ... ಹಾಗಾಗಿ ಎರಡು ಕಡೆಯಿಂದಲೂ ನಮಗೆ ಗಡುವು.

ಶನಿವಾರ ಮಧ್ಯಾಹ್ನ ಡಬ್ಬ ಬಿಚ್ಚಿದೆವು. ಕಿಟ್ ನೋಡದವರಿಗೆ ಹೇಳುವುದಾದರೆ, ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಬಿಡಿಭಾಗಗಳು ಹುಣಸೇಕಾಯಿ ತೊಟ್ಟಿಗೆ ನೇತಾಡುವ ಹಾಗೆ ಅಂಟಿಕೊಂಡಿರುತ್ತವೆ. ಮೈ ಎರಡು ಹೋಳು, ರೆಕ್ಕೆ, ಬಾಲ, ಚಕ್ರ, ಸೀಟು, ಪಾರದರ್ಶಕ ಗಾಜಿನ ಮುಚ್ಚಳ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಏರ್‌ಫಿಕ್ಸ್ ಕಂಪನಿ 1939ರಲ್ಲಿ ಶುರುವಾದಾಗ ವಿಮಾನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ, ರಬ್ಬರ್ ಗೊಂಬೆ ಮಾಡುತ್ತಿತ್ತು, ಆಮೇಲೆ ಅಚ್ಚಿನ ಯಂತ್ರ ತಂದು ಬಾಚಣಿಗೆ ಮಾಡಿತು ಅಂತ ಹೇಳಿದಾಗ ಮಕ್ಕಳಿಗೆ ಸಂತೋಷವೋ ಸಂತೋಷ. ಒಬ್ಬ ಜೇಬಿನಿಂದ ಬಾಚಣಿಗೆ ತೆಗೆದು ವಿಮಾನದ ಪಕ್ಕದಲ್ಲಿ ಇಟ್ಟ. ಒಂದೇ ಜಾತಿ!

ಇದರ ಅಳತೆ ಒಂದಕ್ಕೆ ಎಪ್ಪತ್ತೆರಡು. ಯಾಕೆ ಎಪ್ಪತ್ತೆರಡು, ನೂರು ಯಾಕಲ್ಲ? ಆರು ಅಡಿಗೆ ಎಪ್ಪತ್ತೆರಡು ಇಂಚು, ಆದ್ದರಿಂದ ಆರಡಿ ಆಳು ಇಲ್ಲಿ ಒಂದಿಂಚು ಆಗುತ್ತಾನೆ. ಅಡಿ ಇಂಚಿನವರ ಲೆಕ್ಕ ಅದು. ಈ ಒಂದು ವಾಕ್ಯದಿಂದ ಅನುಪಾತದ ಪಾಠ ಮುಗಿಯಿತು, ಪುಸ್ತಕದ ಆರು ಪುಟ ಉಳಿಯಿತು. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸೀಮೆಸುಣ್ಣದಲ್ಲಿ ನಿಜವಾದ ಅಳತೆ ಗೀಚಿದೆವು. ದೊಡ್ಡಪ್ಪ ಕಟ್ಟಿದ ಒಂದು ಸೀಟಿನ ನ್ಯಾಟು ಉದ್ದ 8.74 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್, ಅಂದರೆ 22 ಅಡಿ ಚಿಲ್ಲರೆ. ನಮ್ಮ ತರಗತಿ ಕೋಣೆ 25 ಅಡಿ. "ಸಾರ್, ರೆಕ್ಕೆ ನಮ್ ಕ್ಲಾಸೊಳಗೇ ಹಿಡಿಸ್ತೈತೆ!" ಅಂತ ಒಬ್ಬ ಕಿರುಚಿದ. ರೆಕ್ಕೆ ಹಿಡಿಸುತ್ತದೆ, ಬಾಲ ಮಾತ್ರ ಅಡುಗೆಮನೆ ಕಡೆ ಹೊರಗೆ. ಕಿಟ್‌ನಲ್ಲಿರುವ ಎರಡು ಸೀಟಿನದು ಉದ್ದ 9.68 ಮೀಟರ್, ರೆಕ್ಕೆ 7.32. ಇವೆರಡನ್ನೂ ಒಂದರ ಮೇಲೊಂದು ಬರೆದಾಗ ದೊಡ್ಡಪ್ಪನ "ನಮ್ದಲ್ಲ" ಅನ್ನುವುದು ಮಕ್ಕಳಿಗೂ ಅರ್ಥವಾಯಿತು. ಅಣ್ಣತಮ್ಮಂದಿರು ಇದ್ದ ಹಾಗೆ, ಮುಖ ಒಂದೇ, ಆಳು ಬೇರೆ.

ಕತ್ತರಿಸಿ ಒಂದು ಸೀಟಿನದ್ದಾಗಿ ಮಾಡಬಹುದಲ್ಲ ಅಂತ ನಮಗೂ ಅನ್ನಿಸಿತ್ತು. ಹಾಗೆ ಮಾಡುವ ಹವ್ಯಾಸಿಗಳು ಇದ್ದಾರೆ. ಮೈಯಲ್ಲಿ ಹದಿಮೂರು ಮಿಲಿಮೀಟರ್, ರೆಕ್ಕೆಯಲ್ಲಿ ಎಂಟು ತೆಗೆಯಬೇಕು, ಬಾಲ ಬದಲಿಸಬೇಕು, ಗಾಜಿನ ಮುಚ್ಚಳ ಹೊಸದಾಗಿ ಮಾಡಬೇಕು. ದೊಡ್ಡಪ್ಪನನ್ನು ಕೇಳಿದರೆ, "ತಮ್ಮನ ಫೋಟೋ ಇಟ್ಕೊಂಡು ಅಣ್ಣನ ತಿಥಿ ಮಾಡ್ತೀಯಾ?" ಅಂದರು. ಅಲ್ಲಿಗೆ ಆ ಮಾತು ನಿಂತಿತು. ಇರುವುದನ್ನೇ ಸರಿಯಾಗಿ ಕಟ್ಟುವುದು, ಕಿಟ್‌ನವರು ಬಿಟ್ಟಿರುವ ಸಣ್ಣಸಣ್ಣದನ್ನು ನಾವು ಸೇರಿಸುವುದು ಅಂತ ತೀರ್ಮಾನ.

ಸೇರಿಸುವುದು ಅಂತ ಹೊರಟವರು ಮೊದಲು ಮಾಡಬೇಕಾಗಿ ಬಂದದ್ದು ತೆಗೆಯುವ ಕೆಲಸ.

ಭಾನುವಾರ ಮೈಯ ಹೋಳನ್ನೂ ರೆಕ್ಕೆಯನ್ನೂ ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ದೊಡ್ಡಪ್ಪನ ಮನೆಗೆ ಹೋದೆವು. ಜೊತೆಗೆ ಇಬ್ಬರು ಮಕ್ಕಳು. ದೊಡ್ಡಪ್ಪ ರೆಕ್ಕೆಯನ್ನು ಕೈಗೆ ತಗೊಂಡು ಹೆಬ್ಬೆರಳಿನಿಂದ ಸವರಿದರು. ತಕ್ಷಣ ಮುಖ ಗಂಟಾಯಿತು.

"ಇದ್ಯಾವನೋ ಹೊಡೆದ ರಿವೆಟ್ಟು? ಮೈಯೆಲ್ಲ ಅಮ್ಮ ಎದ್ದಂಗೈತೆ!"

ಆ ಕಾಲದ ಕಿಟ್‌ಗಳಲ್ಲಿ ವಿಮಾನದ ಮೈಮೇಲಿನ ರಿವೆಟ್ಟುಗಳನ್ನು ಉಬ್ಬು ಗುಳ್ಳೆಗಳಾಗಿ ತೋರಿಸುವುದು ರೂಢಿ. ನೋಡುವುದಕ್ಕೆ ಚೆಂದ, ತುಂಬ ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ಜೆಟ್ ವಿಮಾನದ ಹೊರಮೈಯಲ್ಲಿ ರಿವೆಟ್ಟಿನ ತಲೆ ಎದ್ದಿರುವುದಿಲ್ಲ. ತೂತಿನ ಬಾಯನ್ನು ಆಲಿಕೆಯಂತೆ ಅಗಲ ಮಾಡಿ, ತಲೆಯನ್ನು ಅದರೊಳಗೆ ಕೂರಿಸಿ, ತಗಡಿನ ಮಟ್ಟಕ್ಕೆ ತರುತ್ತಾರೆ. ಇಲ್ಲದಿದ್ದರೆ ಗಾಳಿಗೆ ತಡೆ. ಹೊರಗಿನಿಂದ ಒಬ್ಬ ಗಾಳಿಯ ಗನ್ ಹಿಡಿದು ಹೊಡೆಯುವಾಗ ಒಳಗಿನಿಂದ ಇನ್ನೊಬ್ಬ ಡಾಲಿ ಅನ್ನುವ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ನಮ್ಮ ದೊಡ್ಡಪ್ಪ ಒಳಗಿನವರು. ನ್ಯಾಟಿನ ಹೊಟ್ಟೆ ಅಷ್ಟು ಇಕ್ಕಟ್ಟು, ಸಣ್ಣ ಮೈಯವರೇ ಬೇಕಾಗಿತ್ತಂತೆ. "ಬರಗಾಲದ ಊರಿನವನು ನಾನು, ಸಣ್ಣಗಿದ್ದದ್ದೇ ಅನುಕೂಲ ಆಯ್ತು" ಅಂತ ನಕ್ಕರು. ಹೊಡೆದಾದ ಮೇಲೆ ಹೊರಗೆ ಬಂದು ಕಣ್ಣಿನಲ್ಲಲ್ಲ, ಬೆರಳಿನಲ್ಲಿ ನೋಡುವುದು. ಕೂದಲೆಳೆಯಷ್ಟು ಎದ್ದಿದ್ದರೂ ಬೆರಳಿಗೆ ತಿಳಿಯುತ್ತದೆ. ತಿಳಿದರೆ ಅದು ರಿವರ್ಕು. ಕೆಂಪು ಟ್ಯಾಗ್ ಕಟ್ಟಿ, ಕೊರೆದು ತೆಗೆದು, ಮತ್ತೆ ಹೊಡೆಯಬೇಕು.

ಶಾಲೆಗೆ ಬಂದು ಲೆಕ್ಕ ಹಾಕಿದೆವು. ಸ್ಕೇಲಿನ ಒಂದು ಮಿಲಿಮೀಟರಿನಲ್ಲಿ ಮೂರು ಗುಳ್ಳೆ ಹಿಡಿಯುವಷ್ಟು ದಪ್ಪ ಅಂತಿಟ್ಟುಕೊಳ್ಳಿ. ಎಪ್ಪತ್ತೆರಡರಿಂದ ಗುಣಿಸಿದರೆ ಒಂದೊಂದು ಗುಳ್ಳೆ 24 ಮಿಲಿಮೀಟರ್! ಒಬ್ಬ ಹುಡುಗ ಓಡಿಹೋಗಿ ಒಂದು ಕಡಲೆಕಾಯಿ ತಂದು ಅಳೆದ. ಸರಿಹೋಯಿತು. ವಿಮಾನದ ಮೈತುಂಬ ಕಡಲೆಕಾಯಿ ಅಂಟಿಸಿಕೊಂಡು ಹಾರಿದ ಹಾಗೆ. ನಿಜವಾದ ರಿವೆಟ್ಟಿನ ತಲೆ 5 ಮಿಲಿಮೀಟರ್ ಅಂದುಕೊಂಡರೂ ಈ ಅಳತೆಯಲ್ಲಿ 0.07, ಒಂದು ತಲೆಗೂದಲಿನ ದಪ್ಪ. ಅದೂ ಮಟ್ಟವಾಗಿ ಕೂತಿದ್ದರೆ ಕಾಣುವುದೇ ಇಲ್ಲ. ರೆಕ್ಕೆಯ ಹಿಂಬದಿಯ ಅಂಚು ನೋಡಿ: ಮುಕ್ಕಾಲು ಮಿಲಿಮೀಟರ್. ನಿಜದಲ್ಲಿ ಅದು ಐದು ಸೆಂಟಿಮೀಟರ್ ಮಂದ ಆಗುತ್ತದೆ, ಹಲಗೆಯ ಹಾಗೆ. ಅದನ್ನೂ ಒಳಗಡೆಯಿಂದ ಉಜ್ಜಿ ತೆಳ್ಳಗೆ ಮಾಡಬೇಕು.

ಮಡಕಶಿರಾದಿಂದ ವಾಟರ್ ಪೇಪರ್ ತಂದೆವು, 400, 800, 1000 ನಂಬರಿನವು. ನೀರು ಹಾಕಿಕೊಂಡು ಮೆತ್ತಗೆ ಉಜ್ಜುವುದು. ಮೈಯ ಎರಡು ಹೋಳು ಉಜ್ಜಿ ಆಯಿತು. ಬಲರೆಕ್ಕೆ ಆಯಿತು. ಎಡರೆಕ್ಕೆಯನ್ನು ಕೈಗೆತ್ತಿಕೊಂಡಾಗ, ಯಾವತ್ತೂ ಮಾತಾಡದ ಒಬ್ಬ ಹುಡುಗಿ ಕೇಳಿದಳು.

"ಸಾರ್, ಎಲ್ಲಾ ಉಜ್ಜಿಬಿಟ್ರೆ ತಾತನ ಕೈಗೆ ಏನು ಸಿಗ್ತೈತೆ?"

ನಮಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ನಿಜವಲ್ಲವೇ? ದೊಡ್ಡಪ್ಪನಿಗೆ ಬಣ್ಣ ಕಾಣುವುದಿಲ್ಲ, ಗೆರೆ ಕಾಣುವುದಿಲ್ಲ. ಇಡೀ ವಿಮಾನದಲ್ಲಿ ಬೆರಳಿಗೆ ಮಾತಾಡುತ್ತಿದ್ದದ್ದು ಆ ಗುಳ್ಳೆಗಳೇ. ಅವು ಸುಳ್ಳು, ಒಪ್ಪಿದೆವು. ಸತ್ಯ ಮಾಡಿ ಕೊಟ್ಟರೆ ಅವರ ಕೈಯಲ್ಲಿರುವುದು ನುಣ್ಣನೆಯ ಒಂದು ಸೋಪಿನ ತುಂಡು.

ಒಂದು ವಾರ ಆ ಎಡರೆಕ್ಕೆ ಹಾಗೇ ಬೀರುವಿನಲ್ಲಿತ್ತು. ಮಕ್ಕಳಲ್ಲಿ ಎರಡು ಪಕ್ಷ ಆಯಿತು. ಉಜ್ಜಲೇಬೇಕು, ತಾತ ಬೈತಾರೆ ಅನ್ನುವವರು ನಾಲ್ವರು. ಬಿಡಾನ ಅನ್ನುವವರು ಇಬ್ಬರು. ಕೊನೆಗೆ ಮೇಲ್ಗಡೆ ಉಜ್ಜಿ, ಎಡರೆಕ್ಕೆಯ ಕೆಳಗಡೆ ಮಾತ್ರ ಹಾಗೇ ಬಿಡುವುದು, ತಾತನಿಗೆ ಹೇಳಬಾರದು ಅಂತ ರಾಜಿಯಾಯಿತು. ಮೇಷ್ಟರಾಗಿ ಇದಕ್ಕೆ ಒಪ್ಪಿದ್ದು ಸರಿಯೋ ತಪ್ಪೋ, ಈಗಲೂ ಗೊತ್ತಾಗುತ್ತಿಲ್ಲ.

ಆಮೇಲೆ ಬೆರಳಿಗೆ ಸಿಗುವಂಥದ್ದನ್ನು, ಆದರೆ ಸುಳ್ಳಲ್ಲದ್ದನ್ನು, ಹುಡುಕಿ ಹುಡುಕಿ ಸೇರಿಸುವುದೇ ನಮ್ಮ ಕೆಲಸವಾಯಿತು. ಟಿಸಿಎಚ್‌ನಲ್ಲಿ ಪಾಠೋಪಕರಣ ಅಂತ ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡಿದ ಕೈ ಇದು, ಸೂಕ್ಷ್ಮ ಕೆಲಸ ಬಂದದ್ದಲ್ಲ. ಆದರೂ ಕಲಿತೆವು.

ಎಲ್ಲಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಎಳೆ ತೆಗೆಯುವುದು. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಅದನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ತಿರುಗಿಸುತ್ತಾ ಹಿಡಿಯಬೇಕು. ನಡು ಮೆತ್ತಗಾಗಿ ಹೊಳಪು ಬಂದಾಗ ಜ್ವಾಲೆಯಿಂದ ಆಚೆ ತೆಗೆದು, ಒಂದು ಉಸಿರು ತಡೆದು, ಎರಡು ಕೈಯಿಂದ ಎಳೆಯಬೇಕು. ಬೇಗ ಎಳೆದರೆ ಕೂದಲು, ನಿಧಾನಕ್ಕೆ ಎಳೆದರೆ ಶಾವಿಗೆ. ಬೆಲ್ಲದ ಪಾಕ ಎಳೆ ಬಂತಾ ಅಂತ ನೋಡುತ್ತಾರಲ್ಲ, ಅದೇ ಲೆಕ್ಕ. ಅದೇ ಹುಡುಗಿ ಎರಡನೇ ಸಲಕ್ಕೇ ಕೈ ಹಿಡಿದಳು, ಮನೆಯಲ್ಲಿ ಪಾಕ ನೋಡಿದವಳು. ಬೆಂಕಿಯ ಕೆಲಸವೆಲ್ಲ ನಮ್ಮ ಕಣ್ಣೆದುರೇ, ಅದು ಬೇರೆ ಮಾತು. ಆ ಎಳೆಗಳಿಂದ ಚಕ್ರದ ಕಾಲಿಗೆ ಬ್ರೇಕಿನ ಪೈಪು ಎಳೆದೆವು. ಚಕ್ರ ಒಳಗೆ ಹೋಗುವ ಗುಂಡಿ ಕಿಟ್‌ನಲ್ಲಿ ಖಾಲಿ ಬಿಟ್ಟಿದ್ದರು. ಹಳೇ ಕರೆಂಟ್ ವೈರು ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಬಗ್ಗಿಸಿ ಗುಂಡಿಯ ಗೋಡೆಗೆ ಹಾಸಿದೆವು. ಮೂಗಿನ ತುದಿಗೆ ಗಾಳಿಯ ವೇಗ ಅಳೆಯುವ ಕೊಳವೆ ಇರುತ್ತದೆ. ಕಿಟ್‌ನದು ಮುರಿದಿತ್ತು. ಸಣ್ಣ ಇನ್ಸುಲಿನ್ ಸೂಜಿಯ ಮೊನೆ ಉಜ್ಜಿ ಮೊಂಡು ಮಾಡಿ ಕೂರಿಸಿದೆವು. ಸೂಜಿ ಯಾರದು ಅಂತ ನೀವು ಊಹಿಸಬಹುದು. ದಿನಾ ಚುಚ್ಚಿಸಿಕೊಳ್ಳುವವರೇ ಕೊಟ್ಟರು, ಕುದಿಸಿ ತಂದೆವು.

ಸೀಟಿಗೆ ಬೆಲ್ಟು: ಮಾತ್ರೆಯ ಪಟ್ಟಿಯ ಹಿಂದಿನ ಬೆಳ್ಳಿ ಕಾಗದ, ಒಂದು ಮಿಲಿಮೀಟರಿಗಿಂತ ಸಣ್ಣ ಪಟ್ಟಿ. ಬಕಲ್‌ಗೆ ಅದೇ ತಾಮ್ರದ ಎಳೆ. ಎಳೆದರೆ ಸೀಟು ಸಮೇತ ಮನುಷ್ಯನನ್ನು ಆಚೆ ಹಾರಿಸುವ ಹಿಡಿಗೆ ಹಳದಿ ಕಪ್ಪು ಪಟ್ಟೆ ಬರೆಯಲು ಮೂರು ದಿನ ಹಿಡಿಯಿತು. ಹಲ್ಲುಕಡ್ಡಿಯ ಮೊನೆಯಲ್ಲಿ ಬರೆದದ್ದು. ಮೀಟರುಗಳ ಮೇಲೆ ಒಂದೊಂದು ಹನಿ ವಾರ್ನಿಷ್ ಬಿಟ್ಟರೆ ಗಾಜು ಹಾಕಿದ ಹಾಗೆ ಹೊಳೆಯುತ್ತದೆ.

"ಸಾರ್, ಎರಡನೇ ಸೀಟು ಯಾರ್ದು?" ಅಂತ ಪ್ರಶ್ನೆ ಬಂತು.

ಎರಡು ಸೀಟಿನ ನ್ಯಾಟಿನಲ್ಲಿ ಕಲಿಯುವವನು ಮುಂದೆ ಕೂರುತ್ತಾನೆ, ಕಲಿಸುವವನು ಹಿಂದೆ. 1962ರಿಂದ 1978ರವರೆಗೆ ವೇಲ್ಸ್‌ನ ವ್ಯಾಲಿ ಅನ್ನುವ ಕಡೆ ಬ್ರಿಟನ್ನಿನ ಪೈಲಟ್ಟುಗಳು ಹೀಗೆಯೇ ಕಲಿತದ್ದು. ಇದನ್ನು ಹೇಳಿದ್ದೇ ತಡ, "ಮೇಷ್ಟ್ರು ಹಿಂದಾ? ಮುಂದೆ ನಾವಾ?" ಅಂತ ಕ್ಲಾಸು ಎದ್ದು ಕುಣಿಯಿತು. ನಮಗೂ ಆ ವ್ಯವಸ್ಥೆ ಇಷ್ಟವಾಯಿತು ಅನ್ನಿ. ಹಿಂದೆ ಕೂತವನಿಗೆ ಮುಂದಿನವನ ತಲೆ ಅಡ್ಡ, ದಾರಿ ಸರಿಯಾಗಿ ಕಾಣುವುದಿಲ್ಲ. ಆದರೂ ಕೈ ಕಂಟ್ರೋಲಿನ ಮೇಲೆ ಇಟ್ಟುಕೊಂಡು ಸುಮ್ಮನೆ ಕೂರಬೇಕು. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ, "ಹಂಗಾದ್ರೆ ಅದು ನಿಂದು, ನಂದಲ್ಲ. ನಾನು ಹೇಳ್ಲಿಲ್ವಾ" ಅಂದರು. ಮಾತಿನಲ್ಲಿ ಹಳೇ ಬೇಸರ ಇರಲಿಲ್ಲ.

ಎಡವಟ್ಟೂ ಆಯಿತು, ಅದನ್ನು ಮುಚ್ಚಿಡುವುದು ಬೇಡ. ಫೆಬ್ರವರಿಯಲ್ಲಿ ಗಾಜಿನ ಮುಚ್ಚಳ ಕೂರಿಸುವಾಗ ನಮ್ಮ ಅವಸರಕ್ಕೆ ಫೆವಿಕ್ವಿಕ್ ಹಾಕಿಬಿಟ್ಟೆವು. ಆ ಅಂಟು ಒಣಗುವಾಗ ಬರುವ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗೆ ಕೂತುಬಿಡುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ಬೆಳಗ್ಗೆ ಬೀರು ತೆಗೆದರೆ ಗಾಜು ಪೂರ್ತಿ ಮಂಜು. ಮೂರು ದಿನ ಬರೆದ ಹಳದಿ ಪಟ್ಟೆ, ಬೆಲ್ಟು, ಮೀಟರು, ಒಂದೂ ಕಾಣದು. ಪಟ್ಟೆ ಬರೆದ ಹುಡುಗ ಅಳುವುದೊಂದು ಬಾಕಿ. ದೊಡ್ಡಪ್ಪನಿಗೆ ಹೇಳಿದಾಗ ಅವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ವಿಮಾನಕ್ಕೂ ಪೊರೆ ಬಂತಾ! ಆಪರೇಷನ್ ಮಾಡ್ಸು."

ಮಾಡಿದೆವು. ಅದೃಷ್ಟಕ್ಕೆ ಎರಡೇ ಕಡೆ ಅಂಟಿತ್ತು, ಬ್ಲೇಡಿನ ತುದಿಯಲ್ಲಿ ಬಿಡಿಸಿ, ಹತ್ತಿ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಎರಡು ಸಂಜೆ ಉಜ್ಜಿದ ಮೇಲೆ ಮಂಜು ಬಿಟ್ಟಿತು. ಒಂದು ಮೂಲೆಯಲ್ಲಿ ಸ್ವಲ್ಪ ಉಳಿದಿದೆ. ಎರಡನೇ ಸಲ ಫೆವಿಕಾಲ್ ಹಾಕಿ ಕೂರಿಸಿದೆವು. ಅದು ಬೆಳ್ಳಗೆ ಹಚ್ಚಿದರೂ ಒಣಗಿದ ಮೇಲೆ ಕಾಣುವುದಿಲ್ಲ. ಮುಚ್ಚಳವನ್ನು ತೆರೆದಿಟ್ಟಂತೆ ಮಾಡಿದ್ದು ಹುಡುಗಿಯ ಸಲಹೆ. ಮುಚ್ಚಿದರೆ ತಾತನ ಬೆರಳು ಸೀಟಿನವರೆಗೆ ಹೋಗುವುದು ಹೇಗೆ?

ಚಕ್ರದ ಬಾಗಿಲ ವಿಷಯಕ್ಕೆ ದೊಡ್ಡಪ್ಪನೇ ಬೇಕಾಯಿತು. ಕಿಟ್‌ನ ಚಿತ್ರದಲ್ಲಿ ಬಾಗಿಲು ಹೇಗೆ ತೂಗುತ್ತದೆ ಅಂತ ಸರಿಯಾಗಿ ತಿಳಿಯುತ್ತಿರಲಿಲ್ಲ. ಅವರು ತಮ್ಮ ಎರಡು ಅಂಗೈಯನ್ನು ಹೊಟ್ಟೆಯ ಎರಡೂ ಪಕ್ಕ ಮಡಚಿ ಹಿಡಿದು ತೋರಿಸಿದರು. ನ್ಯಾಟಿಗೆ ಆಕಾಶದಲ್ಲಿ ವೇಗ ತಗ್ಗಿಸಲು ಬೇರೆ ಬ್ರೇಕಿನ ರೆಕ್ಕೆ ಇಲ್ಲ. ಚಕ್ರಗಳನ್ನು ಅರ್ಧ ಇಳಿಸಿದರೆ ಅವುಗಳ ಬಾಗಿಲೇ ಗಾಳಿಗೆ ಅಡ್ಡ ನಿಂತು ಬ್ರೇಕ್ ಆಗುತ್ತದೆ. ಚಿಕ್ಕ ವಿಮಾನದಲ್ಲಿ ಒಂದು ವಸ್ತು ಎರಡು ಕೆಲಸ ಮಾಡಬೇಕು. "ಬಡವರ ಮನೆ ಪಂಚೆ ಇದ್ದಂಗೆ. ಉಡೋಕೂ ಅದೇ, ಹೊದೆಯೋಕೂ ಅದೇ" ಅಂದರು. ಆ ಬಾಗಿಲುಗಳನ್ನು ನಾವು ಎರಡು ಸಲ ಕಿತ್ತು, ಮೂರನೇ ಸಲ ಅವರು ತೋರಿಸಿದ ಹಾಗೆ ಅಂಟಿಸಿದೆವು.

ಬಣ್ಣದ ವಿಷಯಕ್ಕೆ ಜಗಳವೇ ಆಯಿತು. ಕಿಟ್‌ನ ಜೊತೆ ಬಂದ ನೀರಂಟಿನ ಚಿತ್ರಗಳು ಹಳದಿಯಾಗಿದ್ದವು, ಒಂದನ್ನು ನೀರಿಗೆ ಹಾಕಿದ ಕೂಡಲೇ ರಂಗೋಲಿ ಪುಡಿಯ ಹಾಗೆ ಚೂರುಚೂರು. ಮಕ್ಕಳಿಗೆ ನಮ್ಮ ವಾಯುಪ
ಡೆಯ ಮೂರು ಬಣ್ಣದ ಚಕ್ರ ಬರೆಯುವ ಆಸೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ದಾಳಿಯಾದಾಗ ನ್ಯಾಟಿನಲ್ಲಿ ಒಬ್ಬಂಟಿಯಾಗಿ ಕಾದಾಡಿ ಪ್ರಾಣ ಬಿಟ್ಟ ನಿರ್ಮಲ್‌ಜಿತ್ ಸಿಂಗ್ ಸೆಖೋನರ ಕಥೆ ಹೇಳಿದ್ದೆವು. ವಾಯುಪಡೆಗೆ ಈವರೆಗೆ ಬಂದಿರುವ ಪರಮವೀರ ಚಕ್ರ ಅದೊಂದೇ. ಕಥೆ ಕೇಳಿದ ಮೇಲೆ ಚಕ್ರ ಬೇಡ ಅಂದರೆ ಯಾವ ಮಕ್ಕಳು ಕೇಳುತ್ತಾರೆ? ದೊಡ್ಡಪ್ಪ ಮಾತ್ರ ಜಗ್ಗಲಿಲ್ಲ. ಸೆಖೋನರದು ಒಂದು ಸೀಟಿನದು, ಇದು ಎರಡು ಸೀಟಿನದು, ಇದನ್ನು ನಮ್ಮ ವಾಯುಪಡೆ ಹಾರಿಸಿಲ್ಲ, ಬರೆದರೆ ಸುಳ್ಳು. ಹಾಗಾದರೆ ಕೆಂಪು? ಅದೂ ಬೇಡವಂತೆ. ಕೊನೆಗೆ ಅವರೇ ದಾರಿ ಹೇಳಿದರು. "ನಮ್ ಶಾಪಿಂದ ಆಚೆ ಹೋಗುವಾಗ ಅದಕ್ಕೆ ಯಾವ ಬಣ್ಣಾನೂ ಇರ್ತಿರ್ಲಿಲ್ಲ. ಬಣ್ಣದವರು ಬೇರೆ. ಬರೀ ತಗಡು. ಹಂಗೇ ಬಿಡ್ರಿ." ಬೆಳ್ಳಿ ಬಣ್ಣ ತೆಳ್ಳಗೆ ಎರಡು ಸಲ ಹಚ್ಚಿ ನಿಲ್ಲಿಸಿದೆವು. ಚಕ್ರ ಬರೆಯಲು ಸಿಗದವರು ತಂತಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಂಡರು.

ಇದರ ನಡುವೆ ಒಬ್ಬ ಹುಡುಗನ ತಂದೆ ಬಂದು, "ಮೇಷ್ಟ್ರೇ, ವಿಮಾನ ಮಾಡೋದು ಪರೀಕ್ಷೆಗೆ ಬರ್ತದಾ?" ಅಂತ ಕೇಳಿ ಹೋದರು. ಬರುವುದಿಲ್ಲ ಅಂದೆವು. ಮುಂದೆ ಯಾವ ಮೀಡಿಯಂಗೆ ಹಾಕೋದು ಅಂತ ಅದೇ ಬಾಯಲ್ಲಿ ಕೇಳಿದರು. ಅದಕ್ಕೆ ನಾವು ಏನು ಹೇಳಿದೆವು ಅನ್ನುವುದು ಇನ್ನೊಂದು ದಿನದ ಬರಹ.

ಏಪ್ರಿಲ್ ಎರಡನೇ ಭಾನುವಾರ ಆರೂ ಮಕ್ಕಳನ್ನು ಕರೆದುಕೊಂಡು ದೊಡ್ಡಪ್ಪನ ಮನೆಗೆ ಹೋದೆವು. ಊಟದ ಡಬ್ಬಿ ಸಾಲಲಿಲ್ಲ, ಬೂಟಿನ ಡಬ್ಬದಲ್ಲಿ ಹತ್ತಿ ತುಂಬಿ ತಂದಿದ್ದೆವು. ದೊಡ್ಡಪ್ಪ ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕೂತಿದ್ದರು. ಮೊಣಕಾಲ ಮೇಲೆ ಟವೆಲ್ ಹಾಸಿಕೊಂಡು, "ಕೊಡಿ" ಅಂತ ಎರಡು ಕೈ ಚಾಚಿದರು.

ಮೂಗಿನಿಂದ ಶುರು ಮಾಡಿದರು. ಸೂಜಿ ತಾಗಿದಾಗ "ಹೂಂ" ಅಂದರು. ಕಿರುಬೆರಳು ತೆರೆದ ಮುಚ್ಚಳದ ಕೆಳಗೆ ಹೋಗಿ ಮುಂದಿನ ಸೀಟು, ಬೆಲ್ಟು, ಹಿಂದಿನ ಸೀಟು ಮುಟ್ಟಿತು. ಮೈಯನ್ನು ಹೆಬ್ಬೆರಳಿನಲ್ಲಿ ಉದ್ದಕ್ಕೂ ಸವರಿದರು, ನುಣ್ಣಗಿತ್ತು, ಏನೂ ಅನ್ನಲಿಲ್ಲ. ಅವರ ಲೆಕ್ಕದಲ್ಲಿ ಏನೂ ಅನ್ನದಿರುವುದೇ ಪಾಸು. ಚಕ್ರದ ಬಾಗಿಲು, ಬ್ರೇಕಿನ ಪೈಪು, ಗುಂಡಿಯೊಳಗಿನ ತಂತಿ. ಬಲರೆಕ್ಕೆ ಮೇಲೆ, ಬಲರೆಕ್ಕೆ ಕೆಳಗೆ. ಎಡರೆಕ್ಕೆ ಮೇಲೆ. ಮಕ್ಕಳು ಉಸಿರು ಬಿಗಿಹಿಡಿದು ನಮ್ಮ ಮುಖ ನೋಡುತ್ತಿದ್ದರು.

ಎಡರೆಕ್ಕೆಯ ಕೆಳಗೆ ಬೆರಳು ಹೋಯಿತು, ನಿಂತಿತು.

ಮತ್ತೊಮ್ಮೆ ಸವರಿದರು. ಒಂದೊಂದೇ ಗುಳ್ಳೆಯನ್ನು ಎಣಿಸುವ ಹಾಗೆ, ಬುಡದಿಂದ ತುದಿಯವರೆಗೆ, ತುದಿಯಿಂದ ಬುಡದವರೆಗೆ. ಎಷ್ಟು ಹೊತ್ತೋ. ದೊಡ್ಡಮ್ಮ ತಂದಿಟ್ಟ ಮಜ್ಜಿಗೆ ಹಾಗೇ ಇತ್ತು.

"ಈ ಸಾಲು ಹೊಡೆದೋರು ಯಾರು?" ಅಂದರು.

ಹುಡುಗಿ ಮುಂದೆ ಬಂದು "ನಾನು ತಾತ" ಅಂದಳು. ಹೊಡೆದದ್ದಲ್ಲ, ಉಜ್ಜದೆ ಬಿಟ್ಟದ್ದು ಅಂತ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಮಗೂ ಬರಲಿಲ್ಲ.

"ಇದು ರಿವರ್ಕು. ಕೆಂಪು ಟ್ಯಾಗ್ ಕಟ್ಟಿ ಇಡು" ಅಂದರು. ಬೆರಳು ಮಾತ್ರ ಅಲ್ಲಿಂದ ತೆಗೆಯಲಿಲ್ಲ.

ಅವಳು ನಿಜವಾಗಿಯೂ ಕಟ್ಟಿದಳು. ಲಗ್ನಪತ್ರಿಕೆಯ ಕೆಂಪು ಮೂಲೆ ಕತ್ತರಿಸಿ, ಹೂ ಕಟ್ಟುವ ದಾರದಲ್ಲಿ ಎಡಚಕ್ರದ ಕಾಲಿಗೆ. ಅದರ ಮೇಲೆ ಸಣ್ಣಕ್ಷರದಲ್ಲಿ 'ರಿವರ್ಕ್' ಅಂತ ಕನ್ನಡದಲ್ಲಿ ಬರೆದಿದ್ದಾಳೆ. ಜೂನ್‌ನಲ್ಲಿ ಅವಳು ಆರನೇ ಕ್ಲಾಸಿಗೆ ಬೇರೆ ಶಾಲೆಗೆ ಹೋದಳು. ವಿಮಾನ ದೊಡ್ಡಪ್ಪನ ಮಂಚದ ಪಕ್ಕದ ಗೂಡಿನಲ್ಲಿದೆ, ಕೈಗೆ ಎಟಕುವ ಎತ್ತರದಲ್ಲಿ. ಉಜ್ಜಲೋ ಅಂತ ಹೋದಾಗಲೆಲ್ಲ ಕೇಳುತ್ತೇವೆ. "ಮುಂದಿನ ವಾರ ನೋಡಾನ" ಅನ್ನುತ್ತಾರೆ.